ಬಳ್ಳಾರಿಯ ಮಕ್ಕಳೂ ಮಾಗಿಯ ವನಭೋಜನವೂ

ಕಾರ್ತಿಕ ಕಳೆದು ಮಾರ್ಗಶಿರವು ಕಾಲಿಟ್ಟಿತೆಂದರೆ ಬಳ್ಳಾರಿಯವರಿಗೆ ವರುಷಕ್ಕೊಮ್ಮೆ ಮಾತ್ರ ದೊರೆಯುವ ಭಾಗ್ಯವೊಂದು ಕೈಗೂಡುವದು. ಹಗಲು ಹೊತ್ತಿನಲ್ಲಿ ಮನೆಯ ಹೊರಗೆ ನಿಶ್ಚಿಂತೆಯಿಂದ ನಿಲ್ಲಬಹುದೆಂಬುದೇ ಆ ಭಾಗ್ಯ. ಮಲೆನಾಡಿನವರಿಗೂ ಮೈಸೂರಿನವರಿಗೂ ಈ ಮಾತು ನಗೆಯನ್ನು ತಂದೀತು. ಆದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲೆಲ್ಲ ಬಿಸಿಲನ್ನು ಕುಡಿದು, ಮನೆಮನೆಗಳಲ್ಲಿ ದೀಪ ಹಚ್ಚಿದ ಮೇಲೂ ಆ ಕಾವನ್ನು ಊರಿನ ಮೇಲೆ ಉಗುಳುತ್ತಿರುವ ಬಂಡೆಗಳ ನಡುವೆ ಸಂಸಾರ ಮಾಡಿದವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರಿಗಾಲಿನ ಕೂಸು ಒಂದು ಕಲ್ಲಿನ ಮೇಲೆ ಅಂಜದೆ ಕಾಲಿಡಬಹುದಾದ ದಿನಗಳು ನಮ್ಮಲ್ಲಿ ಬಹಳವಿಲ್ಲ. ಲೆಕ್ಕ ಹಾಕಿದರೆ ಹತ್ತು ಹನ್ನೆರಡು ವಾರಗಳು. ಅವುಗಳಲ್ಲಿ ರಜೆಯ ದಿನಗಳನ್ನು ಮಾತ್ರ ಎಣಿಸಿದರೆ ಇನ್ನೂ ಕಡಿಮೆ.

ಈ ಕೆಲವೇ ದಿನಗಳನ್ನು ನಾವು ನಮ್ಮ ಮಕ್ಕಳಿಗಾಗಿ ಹೇಗೆ ವೆಚ್ಚ ಮಾಡುತ್ತಿರುವೆವೆಂಬ ಪ್ರಶ್ನೆಯನ್ನು ಇಂದು ವಾಚಕರ ಮುಂದೆ ಇಡಬೇಕೆಂದಿರುವೆವು. ಪ್ರಶ್ನೆಯು ಚಿಕ್ಕದೆಂದು ತೋರಬಹುದು. ರಾಜಕಾರಣ, ಬೆಳೆ, ಬೆಲೆ ಇವುಗಳ ನಡುವೆ ಮಕ್ಕಳ ವಿಹಾರಕ್ಕೆ ಪತ್ರಿಕೆಯಲ್ಲಿ ಸ್ಥಳವೇಕೆಂದು ಕೇಳುವ ಗಂಭೀರಸ್ವಭಾವದ ಮಹಾಶಯರೂ ಇರುವರು. ಅವರು ತುಸು ತಾಳ್ಮೆಯಿಂದ ಮುಂದೆ ಓದಬೇಕೆಂದು ವಿನಂತಿ.

2011ರ ಜನಗಣತಿಯಲ್ಲಿಯೇ ಬಳ್ಳಾರಿ ನಗರದ ಜನಸಂಖ್ಯೆಯು ನಾಲ್ಕು ಲಕ್ಷವನ್ನು ದಾಟಿತ್ತು. ಅಂದಿನಿಂದ ಊರು ನಾಲ್ಕು ದಿಕ್ಕಿಗೂ ಬೆಳೆದಿದೆ. ಇಷ್ಟು ದೊಡ್ಡ ನಗರದ ತಂದೆತಾಯಂದಿರು ಭಾನುವಾರ ಬಂದರೆ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವರು? ಕೈಯಲ್ಲಿ ನಾಲ್ಕು ಕಾಸುಳ್ಳವರು ದೊಡ್ಡ ಅಂಗಡಿಗಳಿಗೆ, ಚಲನಚಿತ್ರ ಮಂದಿರಗಳಿಗೆ, ತಿಂಡಿಯ ಮನೆಗಳಿಗೆ ಕರೆದೊಯ್ಯುವರು. ಇನ್ನೂ ಸ್ವಲ್ಪ ಅನುಕೂಲವಿದ್ದವರು ಹಂಪೆಗೂ ತುಂಗಭದ್ರಾ ಅಣೆಕಟ್ಟಿಗೂ ಹೋಗಿ ಬರುವರು. ಮೊದಲು ನಗರದೊಳಗೇ ಒಂದು ಕಿರು ಮೃಗಾಲಯವಿತ್ತು. ಅದರ ಪ್ರಾಣಿಗಳನ್ನು ಕಮಲಾಪುರದ ಹತ್ತಿರದ ದೊಡ್ಡ ಪ್ರಾಣಿಸಂಗ್ರಹಾಲಯಕ್ಕೆ ಸಾಗಿಸಿದ ಮೇಲೆ ಜಿಂಕೆಯನ್ನು ನೋಡಬೇಕೆಂದರೂ ಕೂಸನ್ನು ಎತ್ತಿಕೊಂಡು ಅಷ್ಟು ದೂರ ನಡೆಯಬೇಕಾಯಿತು. ಪ್ರಾಣಿಗಳಿಗೆ ಅದರಿಂದ ಹಿತವಾಯಿತು, ಆ ಬಗ್ಗೆ ಸಂಶಯವಿಲ್ಲ. ಜೀನ್ಸ್ ಉಡುಪುಗಳನ್ನು ಹೊಲಿದು ಹೊಟ್ಟೆ ಹೊರೆಯುವ ಕೂಲಿಕಾರರ ಮಕ್ಕಳಿಗೆ ಮಾತ್ರ ಒಂದು ಸುಖ ದೂರವಾಯಿತು.

ಶಾಲೆಗಳ ಪ್ರವಾಸಗಳ ಕಥೆಯು ಇನ್ನೊಂದು ತೆರನಾದುದು. ಡಿಸೆಂಬರ ಬಂದಿತೆಂದರೆ ಬಸ್ಸುಗಳು ರಾತ್ರಿಯಲ್ಲಿ ಹೊರಡುವವು. ಮೂರುನೂರು, ನಾಲ್ಕುನೂರು ಕಿಲೋಮೀಟರು ಓಡಿ, ಮೈಸೂರಿನ ಅರಮನೆಯನ್ನೋ ಬೆಂಗಳೂರಿನ ಉದ್ಯಾನವನ್ನೋ ತೋರಿಸಿ, ಮತ್ತೆ ರಾತ್ರಿಯಲ್ಲಿಯೇ ಹಿಂದಿರುಗುವವು. ದಾರಿಯ ನಾಡೆಲ್ಲ ಮಕ್ಕಳ ನಿದ್ರೆಯಲ್ಲಿ ಕಳೆದುಹೋಗುವದು. ಅರಮನೆಯನ್ನು ನೋಡಬಾರದೆಂದು ನಾವು ಹೇಳುವವರಲ್ಲ. ಕನ್ನಡ ನಾಡಿನ ಮಕ್ಕಳು ಮೈಸೂರನ್ನೂ ಬೀದರನ್ನೂ ಕಾರವಾರವನ್ನೂ ನೋಡಲೇಬೇಕು. ಆದರೆ ಮೈಸೂರಿನ ಅರಮನೆಯಲ್ಲಿ ಎಷ್ಟು ಬಾಗಿಲುಗಳೆಂದು ಎಣಿಸಿ ಬಂದ ಹುಡುಗನಿಗೆ ತನ್ನ ಮನೆಯ ಅಟ್ಟದಿಂದ ಕಾಣುವ ಗುಡ್ಡದ ಹೆಸರು ತಿಳಿಯದಿದ್ದರೆ ಆ ವಿದ್ಯೆಯನ್ನು ಏನೆಂದು ಕರೆಯೋಣ?

ಇನ್ನೊಂದು ಸಂಗತಿಯೂ ಗಮನಾರ್ಹವಾಗಿದೆ. 2021ರಲ್ಲಿ ವಿಜಯನಗರ ಜಿಲ್ಲೆಯು ಪ್ರತ್ಯೇಕವಾದಾಗ ಹಂಪೆಯೂ ಹೊಸಪೇಟೆಯೂ ಅಣೆಕಟ್ಟೂ ಆ ಕಡೆಗೆ ಹೋದವು. ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರುಗಳು ಈ ಕಡೆಗೆ ಉಳಿದವು. ಅಂದು ಕೆಲವರು, “ನೋಡತಕ್ಕದ್ದೆಲ್ಲ ಹೋಯಿತು, ನಮಗೆ ಉಳಿದದ್ದು ಕಲ್ಲು ಮತ್ತು ಧೂಳು” ಎಂದು ನಿಟ್ಟುಸಿರುಬಿಟ್ಟರು. ನಾವು ಬರೆಯಹೊರಟಿರುವದು ಆ ನಿಟ್ಟುಸಿರಿನ ವಿರುದ್ಧವಾಗಿಯೇ. ಆ ಕಲ್ಲಿನ ಯೋಗ್ಯತೆಯೇನೆಂಬುದನ್ನು ಅವರು ಅರಿಯರು.

ಸಹಕುಟುಂಬವಾಗಿ ಚಳಿಗಾಲದಲ್ಲಿ ಊರ ಹೊರಗೆ ಹೋಗಿ ಉಂಡು ಬರುವದು ನಮಗೆ ಪರದೇಶದವರು ಕಲಿಸಿದ ಪಾಠವಲ್ಲ. ಕಾರ್ತಿಕ ಮಾಸದಲ್ಲಿ ನೆಲ್ಲಿಯ ಗಿಡದ ಕೆಳಗೆ ಎಲೆ ಹಾಕಿ ಕುಳ್ಳಿರುವ ವನಭೋಜನವು ಈ ಸೀಮೆಯ ಮನೆತನಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿ. ಅದಾದ ಮೇಲೆ ಮಾರ್ಗಶಿರದ ಕೊನೆಗೆ ಎಳ್ಳಮಾವಾಸ್ಯೆ ಬರುವದು. ಒಕ್ಕಲಿಗನು ಆ ದಿನ ಗಾಡಿಯನ್ನು ಸಿಂಗರಿಸಿ, ಹೆಂಡಿರು ಮಕ್ಕಳು ನಂಟರಿಷ್ಟರೊಡನೆ ಹೊಲಕ್ಕೆ ಹೋಗುವನು. ಸಜ್ಜೆಯ ರೊಟ್ಟಿ, ಎಳ್ಳಿನ ಹೋಳಿಗೆ, ಶೇಂಗಾದ ಹೋಳಿಗೆ, ಕಡುಬು, ಎಣ್ಣೆಗಾಯಿ, ಪುಂಡಿಪಲ್ಲೆ, ಮೊಸರುಬಾನ ಇಷ್ಟನ್ನೂ ಕಟ್ಟಿಕೊಂಡು ಹೋಗಿ, ಹೊಲದ ಬನ್ನಿಯ ಗಿಡದ ಹತ್ತಿರ ಪೂಜೆ ಮಾಡಿ, ಮೊದಲು ಭೂಮಿತಾಯಿಗೆ ಚರಗ ಚೆಲ್ಲಿ, ಆಮೇಲೆ ತಾವು ಉಣ್ಣುವರು. ಹೊಲವಿಲ್ಲದವನು ಹೊಲವಿದ್ದವನ ಪಂಕ್ತಿಯಲ್ಲಿ ಕೂಡುವನು. ಎರೆಯ ಹೊಲದಲ್ಲಿ ಜೋಳ ಕಡಲೆಗಳು ಎದೆಯೆತ್ತರಕ್ಕೂ ಮೊಣಕಾಲೆತ್ತರಕ್ಕೂ ಹಸುರಾಗಿ ನಿಂತಿರುವಾಗ, ಅವುಗಳ ನಡುವೆ ಓಡಾಡಿ ಬಂದ ಕೂಸಿಗೆ ಅನ್ನವು ಎಲ್ಲಿಂದ ಬರುವದೆಂಬುದನ್ನು ಪುಸ್ತಕದಿಂದ ಕಲಿಸಬೇಕಾದ ಅಗತ್ಯವಿರಲಿಲ್ಲ.

ಈ ಪದ್ಧತಿಗಳು ಸತ್ತಿಲ್ಲ. ಹಗರಿಯ ದಂಡೆಯ ಹಳ್ಳಿಗಳಲ್ಲಿಯೂ ಸಿರುಗುಪ್ಪದ ಕಡೆಗೂ ಅವು ಇನ್ನೂ ನಡೆದಿವೆ. ಸತ್ತದ್ದು ನಗರಕ್ಕೂ ಅವುಗಳಿಗೂ ಇದ್ದ ಸಂಬಂಧ. ಹಳ್ಳಿಯನ್ನು ಬಿಟ್ಟು ಬಂದು ಎರಡು ತಲೆಮಾರಾದ ಮನೆಗಳಲ್ಲಿ ಎಳ್ಳಮಾವಾಸ್ಯೆಯ ಹೋಳಿಗೆಯು ಅಡಿಗೆಯ ಮನೆಯಲ್ಲಿಯೇ ಹುಟ್ಟಿ ಊಟದ ಮನೆಯಲ್ಲಿಯೇ ಮುಗಿಯುವದು. ಹೊಲವಿಲ್ಲದ ನಾವು ಎಲ್ಲಿಗೆ ಹೋಗೋಣವೆಂದು ಕೇಳಿದರೆ, ಗುಡ್ಡಗಳಿಗೆ ಹೋಗಿರೆಂದು ನಮ್ಮ ಉತ್ತರ.

ನಗರದ ನಡುವೆಯೇ ಇರುವ ಕೋಟೆಯ ಗುಡ್ಡದಿಂದ ಆರಂಭಿಸಬಹುದು. ಮೇಲಿನ ಕೋಟೆಯನ್ನು ವಿಜಯನಗರದ ಅರಸರಿಗೆ ಅಧೀನನಾಗಿದ್ದ ಹನುಮಪ್ಪ ನಾಯಕನು ಕಟ್ಟಿಸಿದನೆಂದು ಪ್ರತೀತಿ. ಕೆಳಗಿನ ಕೋಟೆಯು 18ನೆಯ ಶತಮಾನದ ಉತ್ತರಾರ್ಧದಲ್ಲಿ ಹೈದರಾಲಿಯ ಕಾಲಕ್ಕೆ ಆದುದು. ಅದನ್ನು ಕಟ್ಟಿದ ಫ್ರೆಂಚ್ ಎಂಜಿನಿಯರನ ಕಥೆಯನ್ನು ಮಕ್ಕಳಿಗೆ ಹೇಳಬೇಕಾದರೆ ಮೇಲೆ ಹತ್ತಿದ ಮೇಲೆಯೇ ಹೇಳಬೇಕು. ಕೆಲಸವೆಲ್ಲ ಮುಗಿದ ಮೇಲೆ, ಎದುರಿನ ಕುಂಬಾರಗುಡ್ಡವು ಕೋಟೆಯ ಗುಡ್ಡಕ್ಕಿಂತ ಎತ್ತರವಾಗಿರುವದೆಂದೂ ಅಲ್ಲಿ ತೋಪನ್ನಿಟ್ಟರೆ ಕೋಟೆಯು ವೈರಿಯ ಕೈಸೇರುವದೆಂದೂ ತಿಳಿದುಬಂದು, ಆ ಎಂಜಿನಿಯರನನ್ನು ಗಲ್ಲಿಗೇರಿಸಿದರಂತೆ. ಇದು ದಂತಕಥೆ. ನಿಜವೋ ಸುಳ್ಳೋ, ಮಕ್ಕಳು ಈ ಗುಡ್ಡವನ್ನೂ ಆ ಗುಡ್ಡವನ್ನೂ ಕಣ್ಣಿನಿಂದಲೇ ಅಳೆದು ತಮ್ಮತಮ್ಮಲ್ಲಿ ವಾದಕ್ಕಿಳಿಯುವದಂತೂ ನಿಜ. ಕುಂಬಾರಗುಡ್ಡವನ್ನು ಆಗ್ನೇಯದ ಕಡೆಯಿಂದ ನೋಡಿದರೆ ಮನುಷ್ಯನ ಮುಖದಂತೆ ಕಾಣುವದು. ಮೂಗು ಯಾವುದು, ತುಟಿ ಯಾವುದೆಂದು ಮೊದಲು ಕಂಡುಹಿಡಿದವರಿಗೆ ಒಂದು ಪೇರಲಹಣ್ಣು ಕೊಟ್ಟರೆ ಸಾಕು.

ಆದರೆ ನಾವು ಮುಖ್ಯವಾಗಿ ಹೇಳಬೇಕಾದ ಗುಡ್ಡವು ಕೋಟೆಯದಲ್ಲ. ನಗರದ ಈಶಾನ್ಯಕ್ಕೆ, ಒಂದು ಗಳಿಗೆಯ ಪ್ರಯಾಣದಲ್ಲಿ, ಸಂಗನಕಲ್ಲು ಮತ್ತು ಕುಪ್ಪಗಲ್ಲು ಎಂಬ ಹಳ್ಳಿಗಳಿವೆ. ಅವುಗಳ ನಡುವಿನ ಗುಡ್ಡಗಳ ಮೇಲೆ ಇಂದಿಗೆ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಜನರು ಗುಡಿಸಲು ಕಟ್ಟಿ, ದನ ಸಾಕಿ, ಬಿತ್ತಿ ಬೆಳೆದು ಬಾಳಿದರು. ಹಂಪೆಯ ಕಲ್ಲುಕಟ್ಟಡಗಳಿಗೆ ಆರೇಳುನೂರು ವರ್ಷಗಳ ವಯಸ್ಸೆಂದು ಬೆರಗಾಗುವ ನಾವು, ಅದಕ್ಕಿಂತ ಐದಾರು ಪಟ್ಟು ಹಳೆಯದಾದ ಊರನ್ನು ಬಾಗಿಲಲ್ಲಿಟ್ಟುಕೊಂಡು ಅದರ ಕಡೆಗೆ ಬೆನ್ನು ತಿರುಗಿಸಿ ಕುಳಿತಿರುವೆವು.

ಈ ಸ್ಥಳದ ಮಹತ್ವವನ್ನು 19ನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞನು ಲೋಕಕ್ಕೆ ತಿಳಿಸಿದನು. ಅಲ್ಲಿಯ ಬಂಡೆಯ ಚಿತ್ರಗಳ ಬಗ್ಗೆ ಫಾಸೆಟ್ ಎಂಬವನು 1892ರಲ್ಲಿ ಬರೆದನು. ನಮ್ಮವರ ಪೈಕಿ ಬಿ. ಸುಬ್ಬರಾಯರು 1940ರ ದಶಕದಲ್ಲಿ ಸಣ್ಣರಾಚಮ್ಮನ ಗುಡ್ಡವನ್ನು ಅಗೆದು, ಬಳ್ಳಾರಿಯ ಶಿಲಾಯುಗದ ಸಂಸ್ಕೃತಿಗಳ ಮೇಲೆ 1948ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಆಮೇಲೆ ಈ ಶತಮಾನದ ಆರಂಭದಲ್ಲಿ ರವಿ ಕೋರಿಶೆಟ್ಟರ, ನಿಕೋಲ್ ಬೊಯ್ವಿನ್, ಡೋರಿಯನ್ ಫುಲ್ಲರ್ ಮೊದಲಾದ ವಿದ್ವಾಂಸರು ಅದೇ ಗುಡ್ಡಗಳಲ್ಲಿ ವರ್ಷಗಟ್ಟಲೆ ದುಡಿದು, ಆ ಜನರು ಏನನ್ನು ಉಣ್ಣುತ್ತಿದ್ದರೆಂಬುದನ್ನೂ ಸುಟ್ಟ ಕಾಳುಗಳಿಂದ ಕಂಡುಹಿಡಿದರು. ಹೆಸರು, ಹುರುಳಿ, ಕೊರಲೆ! ತಾಯಂದಿರೆ, ನಿಮ್ಮ ಬುತ್ತಿಯಲ್ಲಿರುವ ಹೆಸರುಬೇಳೆಯನ್ನೂ ಹುರುಳಿಯ ಸಾರನ್ನೂ ತೋರಿಸಿ, ಇದೇ ಗುಡ್ಡದ ಮೇಲೆ ಇದೇ ಕಾಳನ್ನು ಇನ್ನೊಬ್ಬ ತಾಯಿಯು ತನ್ನ ಮಕ್ಕಳಿಗೆ ಬೇಯಿಸಿ ಹಾಕಿದ್ದಳೆಂದು ಹೇಳಿ ನೋಡಿರಿ. ಚರಿತ್ರೆಯ ಪುಸ್ತಕದ ನೂರು ಪುಟಗಳು ಮಾಡಲಾರದ ಕೆಲಸವನ್ನು ಆ ಒಂದು ತುತ್ತು ಮಾಡುವದು.

ಹಿರೇಗುಡ್ಡದ ಮೈಮೇಲೆ ಕಪ್ಪು ಕಲ್ಲಿನ ಸಾಲೊಂದು ಗೆರೆ ಎಳೆದಂತೆ ಹಾದುಹೋಗುವದು. ನೆಲದೊಳಗಿನ ಕರಗಿದ ಶಿಲೆಯು ಕಣಶಿಲೆಯ ಬಿರುಕಿನಲ್ಲಿ ಉಕ್ಕಿ ಬಂದು ಹೆಪ್ಪುಗಟ್ಟಿದ್ದರಿಂದ ಆದ ಸಾಲದು. ಆ ಕರಿಗಲ್ಲಿನಿಂದಲೇ ಅಂದಿನವರು ಕೊಡಲಿಗಳನ್ನು ಮಾಡುತ್ತಿದ್ದರು. ಒಂದೆರಡಲ್ಲ, ಸುತ್ತಲಿನ ಸೀಮೆಗೆಲ್ಲ ಸಾಲುವಷ್ಟು. ಇಂದು ನಾವು ಕಾರಖಾನೆಯೆಂದು ಕರೆಯುವದಕ್ಕೆ ಅದನ್ನು ಹೋಲಿಸಿದರೆ ತಪ್ಪಾಗದು. ಅದೇ ಕರಿಯ ಬಂಡೆಗಳ ಮೇಲೆ, ಕಲ್ಲಿನಿಂದ ಕಲ್ಲನ್ನು ಕುಟ್ಟಿ, ಉದ್ದ ಕೋಡಿನ ಹಿಣಿಲಿನ ಎತ್ತುಗಳನ್ನೂ ಮನುಷ್ಯರನ್ನೂ ಮೂಡಿಸಿದ್ದಾರೆ. ಇನ್ನು ಕೆಲವು ಬಂಡೆಗಳು ಚಿತ್ರಕ್ಕಿಂತಲೂ ಹೆಚ್ಚಿನ ಸೋಜಿಗವನ್ನು ಬಚ್ಚಿಟ್ಟುಕೊಂಡಿವೆ. ಅವುಗಳಲ್ಲಿ ಉಜ್ಜಿ ನುಣುಪಾದ ಕುಳಿಗಳಿವೆ. ಅಲ್ಲಿ ಕಲ್ಲಿನಿಂದ ತಟ್ಟಿದರೆ ಗುಡಿಯ ಜಾಗಟೆಯಂತೆ ನಾದ ಹೊರಡುವದು. ನಾಲ್ಕು ಸಾವಿರ ವರ್ಷಗಳ ಹಿಂದಿನ ವಾದ್ಯವು ಇನ್ನೂ ಶ್ರುತಿಗೆಡದೆ ನಿಂತಿದೆ. ಜಗತ್ತಿನ ಯಾವ ದೊಡ್ಡ ನಗರದವರಾದರೂ ಇಂಥದೊಂದು ತಮ್ಮ ಸೆರಗಿನಲ್ಲಿದ್ದರೆ ಅದಕ್ಕೆ ದಿನಕ್ಕೊಂದು ಉತ್ಸವ ಮಾಡುತ್ತಿದ್ದರು.

ನಾವು ಮಾಡಿದ್ದೇನು? ಜಲ್ಲಿಗಾಗಿ, ಕಟ್ಟಡದ ಕಲ್ಲಿಗಾಗಿ ಆ ಗುಡ್ಡಗಳನ್ನು ಒಡೆದೆವು. ಕಲ್ಲುಗಣಿಯಿಂದ ಚಿತ್ರಗಳೂ ನಾದದ ಬಂಡೆಗಳೂ ನಾಶವಾಗುವ ಅಪಾಯವಿದೆಯೆಂದು 2004ರಲ್ಲಿಯೇ ವಿದ್ವಾಂಸರು ಎಚ್ಚರಿಸಿದರು. ಆ ವಾರ್ತೆಯು ಪರದೇಶದ ಪತ್ರಿಕೆಗಳಲ್ಲಿ ಬಂದಷ್ಟು ವಿಸ್ತಾರವಾಗಿ ನಮ್ಮ ಊರಿನ ಮನೆಗಳಲ್ಲಿ ಮಾತಿಗೆ ಬರಲಿಲ್ಲ. ಏಕೆ ಬರಲಿಲ್ಲ? ನಮ್ಮ ಪೈಕಿ ಹೆಚ್ಚಿನವರು ಬಾಲ್ಯದಲ್ಲಿ ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ. ಕಾಣದ ವಸ್ತುವು ಕಳೆದುಹೋದರೆ ಯಾರಿಗೂ ವ್ಯಸನವಾಗದು. ಮಕ್ಕಳ ವಿಹಾರದ ಪ್ರಶ್ನೆಯನ್ನು ಚಿಕ್ಕದೆನ್ನುವವರಿಗೆ ನಮ್ಮ ಉತ್ತರವು ಇದೇ. ಹತ್ತು ವರ್ಷದವನಿದ್ದಾಗ ಆ ಬಂಡೆಯ ದನಿಯನ್ನು ಕೇಳಿದವನು, ನಲವತ್ತು ವರ್ಷದವನಾಗಿ ಕಚೇರಿಯ ಮೇಜಿನ ಮೇಲೆ ಆ ಗುಡ್ಡದ ಗಣಿಯ ಅರ್ಜಿಯು ಬಂದಾಗ, ಲೇಖನಿಯನ್ನು ಎತ್ತುವ ಮೊದಲು ಒಂದು ಕ್ಷಣವಾದರೂ ತಡೆಯುವನು.

ಮೇಲಕ್ಕೆ ಹತ್ತುವ ದಾರಿಯು ಸುಲಭವಲ್ಲವೆಂಬುದನ್ನು ಮುಚ್ಚಿಡಲಾಗದು. ಎಂಟು ಹತ್ತು ವರ್ಷದ ಒಳಗಿನವರನ್ನು ಕೆಳಗಿನ ಇಳಿಜಾರಿನಲ್ಲಿಯೇ ಆಡಗೊಡುವದು ಲೇಸು. ನಾದದ ಕಲ್ಲನ್ನು ತಟ್ಟುವದಾದರೆ ಹಿರಿಯರೊಬ್ಬರು ಒಮ್ಮೆ ಮೆಲ್ಲಗೆ ತಟ್ಟಿ ಕೇಳಿಸಿದರೆ ಸಾಕು. ಕಬ್ಬಿಣವಂತೂ ಕೂಡದು, ಚಿತ್ರಗಳ ಮೇಲಂತೂ ಕೈಯೇ ಬೇಡ. ತಮ್ಮ ಹೆಸರನ್ನು ಸುಣ್ಣದಲ್ಲಿ ಬರೆದು ಅಮರರಾಗಬಯಸುವ ತರುಣರನ್ನು ಅಲ್ಲಿಯೇ ಗದರಿಸುವ ಧೈರ್ಯವು ಹಿರಿಯರಿಗಿರಬೇಕು. ಗುಡ್ಡಕ್ಕೆ ಹೋಗುವ ಮೊದಲು ನಗರದಲ್ಲಿಯೇ ಇರುವ, ಫೂಟನ ಹೆಸರನ್ನೇ ಹೊತ್ತ ಪ್ರಾಚ್ಯವಸ್ತು ಸಂಗ್ರಹಾಲಯವನ್ನು ಒಂದು ಸಂಜೆ ನೋಡಿ ಬಂದರೆ, ಮಕ್ಕಳಿಗೆ ಯಾವ ಕಲ್ಲು ಬರಿಯ ಕಲ್ಲು, ಯಾವುದು ಕೊಡಲಿ ಎಂಬ ಕಣ್ಣು ಮೂಡುವದು. ಸಿಕ್ಕ ಕಲ್ಲನ್ನು ಜೇಬಿಗೆ ಹಾಕಿಕೊಳ್ಳುವದಲ್ಲ. ಸಿಕ್ಕಲ್ಲಿಯೇ ಬಿಟ್ಟುಬರಬೇಕೆಂಬ ಪಾಠವೂ ಅಲ್ಲಿಯೇ ಆಗಲಿ.

ಹೊಸಪೇಟೆಯ ದಾರಿಯಲ್ಲಿ ಕುಡತಿನಿಯ ಹತ್ತಿರ ಬೂದಿಯ ದಿಬ್ಬವಿದೆ. ಜನರು ಅದನ್ನು ರಕ್ಕಸರ ಚಿತಾಭಸ್ಮವೆಂದರು. ಬಿಳಿಯ ಪಂಡಿತರು ಜ್ವಾಲಾಮುಖಿಯೆಂದೂ ಮತ್ತೊಂದೆಂದೂ ಬಹುಕಾಲ ಕಿತ್ತಾಡಿದರು. ಕೊನೆಗೆ, ನವಶಿಲಾಯುಗದ ಗೋಪಾಲಕರ ದೊಡ್ಡಿಗಳಲ್ಲಿ ಒಟ್ಟಿಯಾದ ಸೆಗಣಿಯ ರಾಶಿಯನ್ನು ಮತ್ತೆ ಮತ್ತೆ ಸುಟ್ಟದ್ದರಿಂದ ಆದ ಬೂದಿಯೆಂದು ಪರೀಕ್ಷೆಗಳಿಂದ ಸ್ಥಿರಪಟ್ಟಿತು. ಆಲ್ಚಿನ್ ಎಂಬ ವಿದ್ವಾಂಸನು ಈ ಗೋಪಾಲಕರ ಮೇಲೆ 1963ರಲ್ಲಿ ಬರೆದ ಪುಸ್ತಕವು ಪ್ರಸಿದ್ಧವಾಗಿದೆ. ಅದೇ ಕುಡತಿನಿಯಲ್ಲಿ ಇಂದು 1,700 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರವು ಕಲ್ಲಿದ್ದಲನ್ನು ಸುಟ್ಟು ತನ್ನದೇ ಆದ ಬೂದಿಯನ್ನು ಒಟ್ಟುತ್ತಿರುವದು. ಎರಡನ್ನೂ ಒಂದೇ ಮುಂಜಾನೆ ಕಂಡ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡಲು ತಂದೆಯು ಸಿದ್ಧನಾಗಿ ಹೋಗುವದು ಒಳ್ಳೆಯದು.

ಕುರುಗೋಡಿಗೆ ಬರೋಣ. ನಗರದಿಂದ ವಾಯವ್ಯಕ್ಕೆ ಮೂವತ್ತು ಕಿಲೋಮೀಟರಿನೊಳಗೆ ಇರುವ ಈ ಊರು ಇತ್ತೀಚೆಗೆ ತಾಲೂಕಿನ ಪದವಿಯನ್ನು ಪಡೆಯಿತು. ಆದರೆ 12ನೆಯ ಶತಮಾನದಲ್ಲಿಯೇ ಅದು ಕಲ್ಯಾಣದ ಚಾಲುಕ್ಯರಿಗೆ ಮಾಂಡಲಿಕರಾಗಿದ್ದ ಸಿಂದರ ರಾಜಧಾನಿಯಾಗಿತ್ತು. ಸಿಂದರು ತಮ್ಮನ್ನು ನಾಗವಂಶದವರೆಂದು ಕರೆದುಕೊಂಡವರು. ವಂಶದ ಮೂಲಪುರುಷನು ಹುಲಿಯ ಹಾಲನ್ನು ಕುಡಿದು ಬೆಳೆದನೆಂದು ಸಿಂದರ ಇನ್ನೊಂದು ಶಾಖೆಯ ಶಾಸನದಲ್ಲಿ ಹೇಳಿದೆ. ಹುಲಿಯ ಹಾಲು ಕುಡಿದ ಅರಸನ ಮಾತು ಬಂದರೆ ಯಾವ ಹುಡುಗನು ತಾನೆ ನಡೆದು ದಣಿದೆನೆಂದಾನು? ಗುಡ್ಡದ ಬುಡದಲ್ಲಿ ಹಳೆಯ ಊರಿನ ಚಾಲುಕ್ಯ ಶೈಲಿಯ ಗುಡಿಗಳ ಗುಂಪಿದೆ. ಕೆಲವು ಸುಸ್ಥಿತಿಯಲ್ಲಿವೆ, ಕೆಲವು ಕಾಲನ ಕೈಗೆ ಸಿಕ್ಕಿವೆ. ಗುಡಿಗಳ ಕಂಬಗಳ ತಂಪಿನಲ್ಲಿ ಮಕ್ಕಳು ಕಣ್ಣುಮುಚ್ಚಾಲೆಯಾಡುವದನ್ನು ನಾವು ಅಪಚಾರವೆಂದು ಭಾವಿಸುವವರಲ್ಲ. ಅಲ್ಲಿ ಇಸ್ಪೀಟು ಆಡುವ ದೊಡ್ಡವರ ಮಾತು ಬೇರೆ.

ಊರಿನೊಳಗಿನ ದೊಡ್ಡಬಸವೇಶ್ವರನು ಈ ಸೀಮೆಗೆಲ್ಲ ದೊಡ್ಡ ದೈವ. ಉಳಿದ ಶಿವಾಲಯಗಳಲ್ಲಿ ಬಸವಣ್ಣನು ಹೊರಗೆ ಕುಳಿತು ಲಿಂಗವನ್ನು ನೋಡುತ್ತಿರುವನು. ಇಲ್ಲಿ ಬಸವಣ್ಣನೇ ಗರ್ಭಗುಡಿಯ ಒಡೆಯ. ಒಂದೇ ಕಲ್ಲಿನಲ್ಲಿ ಕಡೆದ, ಸುಮಾರು ಹನ್ನೆರಡು ಅಡಿ ಎತ್ತರದ ಆ ಮೂರ್ತಿಯ ಎದುರು ಮೂರು ವರ್ಷದ ಕೂಸನ್ನು ನಿಲ್ಲಿಸಿದರೆ ಅದು ಮಾತು ಮರೆತು ನಿಲ್ಲುವದು. ಸಂಗನಕಲ್ಲಿನ ಬಂಡೆಯ ಮೇಲೆ ಕುಟ್ಟಿ ಮೂಡಿಸಿದ ಎತ್ತು, ಕುಡತಿನಿಯ ದೊಡ್ಡಿಯ ದನ, ಕುರುಗೋಡಿನ ಬಸವಣ್ಣ, ಎಳ್ಳಮಾವಾಸ್ಯೆಯ ಗಾಡಿಗೆ ಹೂಡಿದ ಹೋರಿ, ಇವೆಲ್ಲ ಒಂದೇ ಸೀಮೆಯಲ್ಲಿ ಒಂದೇ ಪ್ರಾಣಿಯ ಸುತ್ತ ಹೆಣೆದುಕೊಂಡಿರುವದನ್ನು ನೋಡಿದಾಗ ನಮಗೆ ಆಶ್ಚರ್ಯವಾಗುವದು. ಇವುಗಳ ನಡುವೆ ಎಳೆಯೊಂದು ತುಂಡಾಗದೆ ಬಂದಿದೆಯೆಂದು ಹಟದಿಂದ ಸಾಧಿಸಲು ನಾವು ಹೊರಟಿಲ್ಲ. ಆ ಕೆಲಸವು ವಿದ್ವಾಂಸರದು. ಮಕ್ಕಳು ಮಾತ್ರ ಆ ಎಳೆಯನ್ನು ತಾವಾಗಿಯೇ ಹಿಡಿಯುವರು.

ಸಿರುಗುಪ್ಪದ ದಾರಿಯಲ್ಲಿ ತೆಕ್ಕಲಕೋಟೆಯು ಸಿಕ್ಕುವದು. ಅಲ್ಲಿಯ ಗುಡ್ಡದ ಮೇಲೆ ಎಂ. ಎಸ್. ನಾಗರಾಜರಾಯರು ಮತ್ತು ಕೆ. ಸಿ. ಮಲ್ಹೋತ್ರರು 1963-64ರಲ್ಲಿ ಅಗೆದಾಗ ದುಂಡಗಿನ ಗುಡಿಸಲುಗಳ ನೆಲೆಗಳೂ ಒಂದು ಚಿನ್ನದ ಆಭರಣವೂ ದೊರೆತವು. ಕಲ್ಲಿನ ಕೊಡಲಿ ಹಿಡಿದ ಕಾಲದಲ್ಲಿಯೂ ಚಿನ್ನದ ಆಸೆಯಿತ್ತೆಂಬುದನ್ನು ಹೆಣ್ಣುಮಕ್ಕಳ ತಂದೆಯರು ನಿಟ್ಟುಸಿರಿನೊಡನೆ ಗಮನಿಸಬಹುದು. ಮುಂದೆ ಹೋದಂತೆ ನೆಲದ ಬಣ್ಣವು ಬದಲಾಗುವದು. ತುಂಗಭದ್ರೆಯ ಕಾಲುವೆಯ ನೀರಿನಲ್ಲಿ ಬತ್ತದ ಗದ್ದೆಗಳು ಹಾಸಿಕೊಂಡಿರುವವು. ಹೊಳೆಯ ದಂಡೆಯ ಕೆಂಚನಗುಡ್ಡದಲ್ಲಿ ವಸುಧೇಂದ್ರತೀರ್ಥರ ವೃಂದಾವನವಿದೆ. ಸಂಕ್ರಾಂತಿಯಂದು ಎಳ್ಳು ಹಚ್ಚಿ ಮೀಯಲು ಹೊಳೆಗೆ ಹೋಗುವ ಕುಟುಂಬಗಳು ಈ ಸೀಮೆಯಲ್ಲಿ ಇಂದಿಗೂ ಬಹಳ. ಹೊಳೆಯಲ್ಲಾಗಲಿ ಕಾಲುವೆಯಲ್ಲಾಗಲಿ ಮಕ್ಕಳನ್ನು ಕೈಬಿಟ್ಟು ಇಳಿಯಗೊಡಬಾರದೆಂದು ಮಾತ್ರ ಎಷ್ಟು ಸಲ ಹೇಳಿದರೂ ಸಾಲದು. ಕಾಲುವೆಯ ಗೋಡೆಯು ಪಾಚಿಗಟ್ಟಿ ಜಾರುವದು, ಹರಿಯುವ ನೀರು ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆಯುವದು.

ಸಿರುಗುಪ್ಪದ ಎರೆಯ ಬಯಲಿನಲ್ಲಿ ಇನ್ನೊಂದು ಜೀವವಿದೆ. ಕನ್ನಡಿಗರು ಎರೆಭೂತವೆಂದು ಕರೆಯುವ, ಮಂಡಿಯೆತ್ತರವನ್ನು ಎಷ್ಟೋ ಮೀರಿ ನಿಲ್ಲುವ ಆ ದೊಡ್ಡ ಹಕ್ಕಿಯು ಭಾರತದಲ್ಲಿಯೇ ಅಳಿವಿನ ಅಂಚಿಗೆ ಬಂದಿರುವದು. ಕರ್ನಾಟಕದಲ್ಲಿ ಅದರ ಕೊನೆಯ ನೆಲೆಗಳಲ್ಲಿ ಈ ಬಯಲೂ ಒಂದು. ಅದನ್ನು ಹುಡುಕಿಕೊಂಡು ಮೋಟಾರು ಓಡಿಸಿರೆಂದು ನಾವು ಹೇಳೆವು. ಹೇಳಿದರೆ ಉಳಿದ ನಾಲ್ಕಾರೂ ಓಡಿಹೋದಾವು. ಇಂಥ ಹಕ್ಕಿಯು ನಮ್ಮ ಜೋಳದ ಹೊಲದಲ್ಲಿ ಬಾಳಿತ್ತೆಂದು ಆ ದಾರಿಯಲ್ಲಿ ಹೋಗುವಾಗ ಮಕ್ಕಳಿಗೆ ಹೇಳಿದರೆ ಸಾಕು.

ಇಲ್ಲಿ ಅಧಿಕಾರಿವರ್ಗದವರಿಗೆ ಒಂದೆರಡು ಮಾತು. 1953ರ ಅಕ್ಟೋಬರ 1ರಂದು ಬಳ್ಳಾರಿಯು ಮೈಸೂರು ಸಂಸ್ಥಾನವನ್ನು ಸೇರಿ ಕನ್ನಡಿಗರ ಮನೆಗೆ ಹಿಂದಿರುಗಲು ಎಷ್ಟು ಜನರು ಎಷ್ಟು ವರ್ಷ ಹೋರಾಡಿದರೆಂಬುದು ಈ ಊರಿನವರಿಗೆ ಗೊತ್ತಿದೆ. ಆದವಾನಿ, ಆಲೂರು, ರಾಯದುರ್ಗಗಳು ಆಚೆಗೇ ಉಳಿದ ನೋವೂ ಗೊತ್ತಿದೆ. ನೆಲವನ್ನು ಪಡೆದಮೇಲೆ ಅದನ್ನು ಮಕ್ಕಳಿಗೆ ತೋರಿಸುವ ಏರ್ಪಾಡನ್ನು ಯಾರು ಮಾಡಬೇಕು? ನಾವು ಕೇಳುವದು ಕೋಟಿಗಟ್ಟಲೆ ವೆಚ್ಚದ ತೂಗುಸೇತುವೆಗಳನ್ನಲ್ಲ, ಬಣ್ಣದ ಕಾರಂಜಿಗಳನ್ನಲ್ಲ. ನವೆಂಬರದಿಂದ ಫೆಬ್ರವರಿಯವರೆಗೆ ಭಾನುವಾರದ ಮುಂಜಾನೆ ಬಳ್ಳಾರಿಯಿಂದ ಸಂಗನಕಲ್ಲಿಗೂ ಕುರುಗೋಡಿಗೂ ಒಂದೊಂದು ಸರಕಾರಿ ಬಸ್ಸು ಹೊರಟು ಮಧ್ಯಾಹ್ನಕ್ಕೆ ಹಿಂದಿರುಗಲಿ. ಗುಡ್ಡದ ಬುಡದಲ್ಲಿ ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಮರೆಯ ಸ್ಥಳ, ಕನ್ನಡದಲ್ಲಿ ತಪ್ಪಿಲ್ಲದೆ ಬರೆದ ಒಂದು ಫಲಕ ಇರಲಿ. ಇದ್ದಲ್ಲಿ ಅವು ಕೆಡದಂತೆ ನೋಡಿಕೊಳ್ಳಲಿ. ಊರಿನ ವಿದ್ಯಾವಂತ ತರುಣರಿಬ್ಬರಿಗೆ ದಾರಿ ತೋರಿಸುವ ಕೆಲಸ ಕೊಟ್ಟರೆ ಅವರ ಹೊಟ್ಟೆಗೂ ಆಯಿತು, ಬಂಡೆಗೆ ಕಾವಲೂ ಆಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಜಿಲ್ಲೆಯ ಕಬ್ಬಿಣದ ಗಣಿಗಳನ್ನು ನಿಲ್ಲಿಸಿದಾಗ ನಾಡೆಲ್ಲ ಅದಿರಿನ ಮಾತನ್ನೇ ಆಡಿತು. ಅದಿರು ಹೋದರೆ ಹಣ ಹೋಯಿತೆಂದು ಲೆಕ್ಕ ಹಾಕುವವರು ಇದ್ದಾರೆ. ಹಿರೇಗುಡ್ಡದ ಬಂಡೆಯ ಲೆಕ್ಕವನ್ನು ಯಾವ ಖಾತೆಯಲ್ಲಿ ಬರೆಯುವರೋ ತಿಳಿಯದು.

ಶಾಲೆಗಳ ಮುಖ್ಯಾಧ್ಯಾಪಕರೂ ಮನಸ್ಸು ಮಾಡಬೇಕು. ದೂರದ ಪ್ರವಾಸದ ವಂತಿಗೆಯನ್ನು ಕೊಡಲಾರದ ಮಕ್ಕಳು ಆ ಎರಡು ದಿನ ಬರಿದಾದ ತರಗತಿಯಲ್ಲಿ ಕುಳಿತಿರುವ ನೋಟವು ಯಾವ ಉಪಾಧ್ಯಾಯನಿಗೂ ಹೊಸದಲ್ಲ. ಅರ್ಧ ದಿನದ, ಊಟದ ಡಬ್ಬಿಯೊಂದೇ ವೆಚ್ಚದ ಪ್ರವಾಸದಲ್ಲಿ ಯಾರೂ ಹಿಂದುಳಿಯಬೇಕಾದುದಿಲ್ಲ.

ಗೃಹಸ್ಥರಿಗೂ ಒಂದು ಮಾತನ್ನು ಹೇಳದೆ ಬಿಡಲಾರೆವು. ರಾತ್ರಿ ಒಂಬತ್ತಕ್ಕೆ “ನಾಳೆ ಗುಡ್ಡಕ್ಕೆ ಹೋಗೋಣ” ಎಂದು ಅಪ್ಪಣೆ ಮಾಡಿ ಮಲಗುವವರು ಅವರು. ಬೆಳಗಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯುವವರು ಮನೆಯ ಹೆಂಗಸರು. ವಿಹಾರವು ಆಕೆಗೂ ವಿಹಾರವಾಗಬೇಕಾದರೆ ಬುತ್ತಿಯು ಹಗುರವಾಗಿರಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು, ಬೆಲ್ಲ, ಬಾಳೆಹಣ್ಣು ಇಷ್ಟಿದ್ದರೆ ಯಾವ ಕೂಸೂ ಉಪವಾಸವಿರದು. ನೀರನ್ನು ಹೊರುವ ಕೆಲಸವನ್ನು ಯಜಮಾನರು ವಹಿಸಿಕೊಳ್ಳಲಿ. ಏಳು ಗಂಟೆಗೆ ಹೊರಟು ಹನ್ನೆರಡಕ್ಕೆ ಇಳಿದುಬಿಡಬೇಕು, ಮಾಗಿಯ ಬಿಸಿಲೂ ನಡುಹಗಲಿನಲ್ಲಿ ಬಂಡೆಯ ಮೇಲೆ ಬಿಸಿಲೇ. ಹೆಜ್ಜೇನಿನ ಹುಟ್ಟು ಇದ್ದಲ್ಲಿ ಹೊಗೆಯಾಗಲಿ ಗದ್ದಲವಾಗಲಿ ಬೇಡ. ಸಂಜೆಯ ಹೊತ್ತು ಗುಡ್ಡವು ಚಿರತೆ ಕರಡಿಗಳದು, ನಮ್ಮದಲ್ಲ. ತಂದ ಕಾಗದ, ಪ್ಲಾಸ್ಟಿಕ್ಕಿನ ಚೀಲಗಳನ್ನು ತಂದವರೇ ಹಿಂದಕ್ಕೆ ಒಯ್ಯಬೇಕು.

ಸಂಡೂರಿನ ಬೆಟ್ಟಗಳ ಬಗ್ಗೆ ಬರೆಯಲಿಲ್ಲವೆಂದು ಆ ಕಡೆಯ ವಾಚಕರು ಮುನಿಯಬಾರದು. ಅವುಗಳ ಸೊಗಸು ಮಳೆಗಾಲದ್ದು. ಆ ಕಾಲವು ಬಂದಾಗ ಬರೆದೇವು. ಸದ್ಯಕ್ಕೆ ಎರೆಯ ಹೊಲಗಳಲ್ಲಿ ಬಿಳಿಜೋಳವು ತೆನೆಯೊಡೆದು ನಿಂತಿದೆ. ಸಂಕ್ರಾಂತಿಯ ಆಚೀಚೆ ಕಾಳು ಹಾಲುದುಂಬಿ ಗಟ್ಟಿಯಾಗುವ ನಡುವಿನ ದಿನಗಳಲ್ಲಿ ಆ ತೆನೆಯನ್ನು ಕೆಂಡದ ಮೇಲೆ ಸುಟ್ಟು, ಬಿಸಿಯಾಗಿರುವಾಗಲೇ ಅಂಗೈಯಲ್ಲಿ ತಿಕ್ಕಿ ಉದುರಿಸಿ, ಬೆಲ್ಲ ಕೊಬ್ಬರಿಗಳೊಡನೆ ತಿನ್ನುವ ಸೀತನಿಯು ಯಾವ ಅಂಗಡಿಯಲ್ಲಿಯೂ ದೊರೆಯುವಂಥದಲ್ಲ. ಸಂಗನಕಲ್ಲಿನ ಕಡೆಗೋ ಕುರುಗೋಡಿನ ಕಡೆಗೋ ಹೋದವರು ದಾರಿಯ ಬದಿಯ ರೈತನನ್ನು ಬಾಯಿತುಂಬ ಅಣ್ಣನೆಂದು ಕರೆದು ಕೇಳಿದರೆ ಅವನು ಇಲ್ಲವೆನ್ನಲಾರನು. ಕೊಟ್ಟದ್ದಕ್ಕೆ ನ್ಯಾಯವಾದ ಬೆಲೆಯನ್ನು ಅವನ ಕೈಯಲ್ಲಿಡುವದನ್ನು ಮಾತ್ರ ಮರೆಯಬಾರದು. ಒಂದು ಹೊಲದಲ್ಲಿ ಸೀತನಿಯ ಹದವು ವಾರ ಹತ್ತು ದಿನಕ್ಕಿಂತ ಹೆಚ್ಚು ನಿಲ್ಲದು. ಆಮೇಲೆ ಕಾಳು ಬಲಿತು ಕೊಯ್ಲಿಗೆ ಬರುವದು.